ಹಳ್ಳಿಗಾಡಿನ ರಾಜ್ಯದಲ್ಲಿ ಆಸ್ಪತ್ರೆ ಕೆಲಸಗಳ ಟ್ರೆಂಡ್ ಓದೋದು ಹೇಗೆ: ವೆಸ್ಟ್ ವರ್ಜೀನಿಯಾ ಇಟ್ಕೊಂಡು ಒಂದು ಗೈಡ್

ಅಮೆರಿಕದ ಹಳ್ಳಿಗಾಡು ರಾಜ್ಯಗಳ ಬಗ್ಗೆ ಎರಡು ಥರದ ಸುದ್ದಿ ಒಟ್ಟೊಟ್ಟಿಗೇ ಬರ್ತಾ ಇರತ್ತೆ, ಒಂದು ಕಡೆ ಆಸ್ಪತ್ರೆಗಳೇ ರಾಜ್ಯದ ದೊಡ್ಡ ಎಂಪ್ಲಾಯರ್, ಕೆಲಸ ಬೆಳೀತಾನೇ ಇದೆ ಅಂತ, ಇನ್ನೊಂದು ಕಡೆ ಹಳ್ಳಿ ಆಸ್ಪತ್ರೆಗಳು ಒಂದರ ಹಿಂದೆ ಒಂದು ಮುಚ್ತಾ ಇವೆ ಅಂತ. ಎರಡೂ ನಿಜ. ಒಂದೇ ರಾಜ್ಯದಲ್ಲಿ, ಒಂದೇ ವರ್ಷದಲ್ಲಿ ಎರಡೂ ನಿಜ ಆಗಿರಬಹುದು. ರಾಜ್ಯದ ಒಟ್ಟು ಸಂಖ್ಯೆ ನೋಡಿದ್ರೆ ಮೊದಲನೇದು ಮಾತ್ರ ಕಾಣತ್ತೆ, ಕೌಂಟಿಗೆ, ಅಂದ್ರೆ ನಮ್ಮ ಜಿಲ್ಲೆ ಥರದ ಭಾಗಕ್ಕೆ, ಇಳಿದ್ರೆ ಮಾತ್ರ ಎರಡನೇದು ಕಾಣತ್ತೆ, ಹಾಗಾಗಿ ರಾಜ್ಯದ ಗೆರೆ ಮೇಲೆ ಹೋಗ್ತಿದೆ ಅಂತ ಅಲ್ಲಿಗೇ ನಿಲ್ಲಿಸಬೇಡಿ ಅನ್ನೋದೇ ಈ ಗೈಡ್‌ನ ಮುಖ್ಯ ಮಾತು. ಎಕನಾಮಿಕ್ಸ್ ಓದೋರಿಗೆ, ಪಾಲಿಸಿ ಬಗ್ಗೆ ಬರೆಯೋರಿಗೆ, ಅಂಥ ಊರಲ್ಲಿ ಡಾಕ್ಟರ್ ಅಥವಾ ನರ್ಸ್ ಕೆಲಸಕ್ಕೆ ಹೋಗೋ ಯೋಚನೆ ಇರೋರಿಗೆ ಇದು ಉಪಯೋಗ ಆಗಬಹುದು.

ವೆಸ್ಟ್ ವರ್ಜೀನಿಯಾನ ಉದಾಹರಣೆಗೆ ತಗೊಳ್ತೀನಿ. ಯಾಕಂದ್ರೆ ಅಲ್ಲಿ ಎಲ್ಲಾ ಕಥೆನೂ ಒಟ್ಟಿಗೆ ಇದೆ. 2010ರ ಜನಗಣತೀಲಿ 18,52,994 ಇದ್ದ ಜನಸಂಖ್ಯೆ 2020ಕ್ಕೆ 17,93,716ಕ್ಕೆ ಇಳೀತು. 1940ರ ದಶಕದ ಕೊನೆಗೆ ಲಕ್ಷಕ್ಕೂ ಜಾಸ್ತಿ ಜನಕ್ಕೆ ಕೆಲಸ ಕೊಡ್ತಿದ್ದ ಕಲ್ಲಿದ್ದಲು ಗಣಿಗಳಲ್ಲಿ ಈಗ ಇಪ್ಪತ್ತು ಸಾವಿರ ಜನನೂ ಇಲ್ಲ. ಆ ರಾಜ್ಯದ ಅತಿ ದೊಡ್ಡ ಖಾಸಗಿ ಎಂಪ್ಲಾಯರ್ ಈಗ ಡಬ್ಲ್ಯುವಿಯು ಮೆಡಿಸಿನ್ ಅನ್ನೋ ಆಸ್ಪತ್ರೆ ಸಿಸ್ಟಮ್ಮು. ಮೇನ್ ರಾಜ್ಯದಲ್ಲೂ ಹೀಗೇ, ಅಲ್ಲಿ ಮೇನ್‌ಹೆಲ್ತ್ ಅನ್ನೋ ಆಸ್ಪತ್ರೆ ಸಿಸ್ಟಮ್ಮು. ಅಂದ್ರೆ ಇದು ಒಂದು ರಾಜ್ಯದ ವಿಚಿತ್ರ ಅಲ್ಲ, ವಯಸ್ಸಾಗ್ತಾ ಇರೋ, ಹಳೇ ಇಂಡಸ್ಟ್ರಿ ಕಳ್ಕೊಂಡ ರಾಜ್ಯಗಳ ಸಾಮಾನ್ಯ ದಾರಿ.

ಮೊದಲು ಡೇಟಾ ಎಲ್ಲಿಂದ ತಗೋಬೇಕು

ಬ್ಯೂರೋ ಆಫ್ ಲೇಬರ್ ಸ್ಟಾಟಿಸ್ಟಿಕ್ಸ್, ಅಂದ್ರೆ ಬಿಎಲ್‌ಎಸ್, ಎರಡು ಮುಖ್ಯ ಲೆಕ್ಕ ಕೊಡತ್ತೆ. ಒಂದು ತಿಂಗಳಿಗೊಮ್ಮೆ ಬರೋ ಪೇರೋಲ್ ಸರ್ವೆ, ಸಿಇಎಸ್ ಅಂತಾರೆ, ಬೇಗ ಬರತ್ತೆ ಆದ್ರೆ ಸ್ಯಾಂಪಲ್ ಮೇಲೆ ನಿಂತಿರೋದು, ಸಣ್ಣ ರಾಜ್ಯಗಳಲ್ಲಿ ಸಂಖ್ಯೆ ಅಲ್ಲಾಡತ್ತೆ, ವರ್ಷಕ್ಕೊಮ್ಮೆ ಬೆಂಚ್‌ಮಾರ್ಕ್ ರಿವಿಷನ್, ಅಂದ್ರೆ ಪೂರ್ತಿ ಲೆಕ್ಕಕ್ಕೆ ಹೊಂದಿಸೋ ತಿದ್ದುಪಡಿ, ಆಗತ್ತೆ. ಇನ್ನೊಂದು ಕ್ಯುಸಿಇಡಬ್ಲ್ಯು, ಎಂಪ್ಲಾಯರ್‌ಗಳು ಅನ್‌ಎಂಪ್ಲಾಯ್‌ಮೆಂಟ್ ಇನ್ಶೂರೆನ್ಸ್ ಟ್ಯಾಕ್ಸ್‌ಗೆ ಫೈಲ್ ಮಾಡೋ ದಾಖಲೆಯಿಂದ ಬರೋದು, ದೇಶದ 95%ಗಿಂತ ಜಾಸ್ತಿ ಕೆಲಸಗಳು ಅದರಲ್ಲಿ ಬರತ್ವೆ, ಕೌಂಟಿ ಮಟ್ಟಕ್ಕೆ ಸಿಗತ್ತೆ. ತೊಂದ್ರೆ ಏನಂದ್ರೆ ಕ್ವಾರ್ಟರ್ (ಮೂರು ತಿಂಗಳು) ಮುಗಿದು ಐದಾರು ತಿಂಗಳು ಆದಮೇಲೆ ಬರತ್ತೆ. ಹಳ್ಳಿಗಾಡು ರಾಜ್ಯಕ್ಕೆ ನಾನಂತೂ ಕ್ಯುಸಿಇಡಬ್ಲ್ಯು ಬಿಟ್ಟು ಬೇರೇದನ್ನ ಆಧಾರ ಮಾಡ್ಕೊಳಲ್ಲ. ಲೇಟ್ ಆದ್ರೂ ಪರವಾಗಿಲ್ಲ, ಹತ್ತು ವರ್ಷದ ಟ್ರೆಂಡ್ ನೋಡೋಕೆ ಆರು ತಿಂಗಳು ಏನೂ ಅಲ್ಲ.

ಬಿಎಲ್‌ಎಸ್ ಸೈಟಲ್ಲಿ ಕ್ಯುಸಿಇಡಬ್ಲ್ಯು ಡೇಟಾ ವ್ಯೂವರ್ ಇದೆ, ಇಲ್ಲಾ ಪೂರ್ತಿ ಸಿಎಸ್‌ವಿ ಫೈಲ್ ಡೌನ್‌ಲೋಡ್ ಮಾಡ್ಕೊಂಡು ಎಕ್ಸೆಲ್‌ನಲ್ಲಿ ತೆಗೀಬಹುದು. ಏರಿಯಾ ಕೋಡ್ 54000 ಅಂದ್ರೆ ವೆಸ್ಟ್ ವರ್ಜೀನಿಯಾ ಪೂರ್ತಿ ರಾಜ್ಯ, 54061 ಅಂದ್ರೆ ಮಾರ್ಗನ್‌ಟೌನ್ ಇರೋ ಮೊನೊಂಗೇಲಿಯ ಕೌಂಟಿ, 54047 ಅಂದ್ರೆ ಮ್ಯಾಕ್‌ಡೊವೆಲ್ ಕೌಂಟಿ, ಹೀಗೆ ಒಟ್ಟು 55 ಕೌಂಟಿಗಳು. ಇಂಡಸ್ಟ್ರಿ ಕೋಡ್ 622 ಹಾಕಿದ್ರೆ ಆಸ್ಪತ್ರೆಗಳು. ಜೊತೆಗೇ 621 ಮತ್ತೆ 623 ಕೂಡ ತೆಗೀರಿ, 621 ಅಂದ್ರೆ ಡಾಕ್ಟರ್ ಆಫೀಸು, ಕ್ಲಿನಿಕ್, ಹೋಮ್ ಹೆಲ್ತ್ ಥರದ್ದು, 623 ಅಂದ್ರೆ ನರ್ಸಿಂಗ್ ಹೋಮ್ ಮತ್ತೆ ವೃದ್ಧರು ಇರೋ ಕೇರ್ ಸೆಂಟರ್‌ಗಳು. 621 ಯಾಕೆ ಬೇಕು ಅಂತ ಮುಂದೆ ಹೇಳ್ತೀನಿ.

ಒಂದು ವಿಷಯ ಗೊತ್ತಿರಲಿ, ಇದು ಕೆಲಸಗಳ ಲೆಕ್ಕ, ಜನರ ಲೆಕ್ಕ ಅಲ್ಲ. ತಿಂಗಳ 12ನೇ ತಾರೀಖು ಬರೋ ಪೇ ಪೀರಿಯಡ್‌ನಲ್ಲಿ ಯಾರ ಹೆಸರು ಪೇರೋಲ್‌ನಲ್ಲಿ ಇತ್ತೋ ಅವರೆಲ್ಲ ಲೆಕ್ಕಕ್ಕೆ ಬರ್ತಾರೆ, ಪಾರ್ಟ್ ಟೈಮ್ ಆದ್ರೂ ಒಂದೇ, ಫುಲ್ ಟೈಮ್ ಆದ್ರೂ ಒಂದೇ. ಒಬ್ಬ ನರ್ಸ್ ಎರಡು ಆಸ್ಪತ್ರೇಲಿ ಶಿಫ್ಟ್ ಮಾಡ್ತಿದ್ರೆ ಎರಡು ಸಲ ಎಣಿಕೆ ಆಗತ್ತೆ. ಸೀಸನಲ್ ಅಡ್ಜಸ್ಟ್‌ಮೆಂಟ್, ಅಂದ್ರೆ ಪ್ರತಿ ವರ್ಷ ಆಗೋ ಮಾಮೂಲಿ ಏರಿಳಿತ ತೆಗೆಯೋ ತಿದ್ದುಪಡಿ ಕೂಡ ಇರಲ್ಲ, ಅದಕ್ಕೇ ಈ ವರ್ಷದ ಎರಡನೇ ಕ್ವಾರ್ಟರನ್ನ ಹೋದ ವರ್ಷದ ಎರಡನೇ ಕ್ವಾರ್ಟರ್ ಜೊತೇಲೇ ಹೋಲಿಸಬೇಕು, ಹಿಂದಿನ ಕ್ವಾರ್ಟರ್ ಜೊತೆ ಅಲ್ಲ.

ಸೊನ್ನೆ ಕಂಡ್ರೆ ಆಸ್ಪತ್ರೆ ಮುಚ್ಚಿದೆ ಅಂದ್ಕೋಬೇಡಿ

ಹೊಸಬರು ಅತಿ ಹೆಚ್ಚು ಎಡವೋದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಕೌಂಟಿಯ 622 ಸಾಲು ತೆಗೆದ್ರೆ ಎಷ್ಟೋ ಕಡೆ ಮೂರೂ ತಿಂಗಳ ಉದ್ಯೋಗದ ಕಾಲಮ್‌ನಲ್ಲಿ 0 ಇರತ್ತೆ, ಸಂಬಳದ ಕಾಲಮ್‌ನಲ್ಲೂ 0. ಅದೇ ಸಾಲಲ್ಲಿ ಡಿಸ್‌ಕ್ಲೋಷರ್ ಕೋಡ್ ಅನ್ನೋ ಕಾಲಮ್ ನೋಡಿ, ಅಲ್ಲಿ ಎನ್ ಅನ್ನೋ ಅಕ್ಷರ ಇದ್ರೆ ಸಂಖ್ಯೆ ಇದೆ ಆದ್ರೆ ತೋರಿಸ್ತಿಲ್ಲ ಅಂತ ಅರ್ಥ. ಕೌಂಟೀಲಿ ಒಂದೋ ಎರಡೋ ಆಸ್ಪತ್ರೆ ಇದ್ದಾಗ ಸಂಖ್ಯೆ ಪ್ರಕಟ ಮಾಡಿದ್ರೆ ಆ ಎಂಪ್ಲಾಯರ್‌ನ ಪೇರೋಲ್ ಇಡೀ ಊರಿಗೆ ಗೊತ್ತಾಗಿ ಬಿಡತ್ತೆ, ಅದಕ್ಕೆ ಕಾನ್ಫಿಡೆನ್ಷಿಯಾಲಿಟಿ ನಿಯಮದ ಪ್ರಕಾರ ಮುಚ್ಚಿಡ್ತಾರೆ. ಪಕ್ಕದಲ್ಲೇ ಎಸ್ಟಾಬ್ಲಿಷ್‌ಮೆಂಟ್ (ಕೆಲಸದ ಜಾಗ) ಎಷ್ಟು ಅನ್ನೋ ಕಾಲಮ್ ಇರತ್ತೆ, ಅಲ್ಲಿ 1 ಅಥವಾ 2 ಅಂತ ಇದ್ರೆ ಆಸ್ಪತ್ರೆ ಇದೆ ಅಂತಾಯ್ತು. ಹಳ್ಳಿಗಾಡು ಕೌಂಟಿಗಳಲ್ಲಿ ಇದೇ ಮಾಮೂಲು, ಅಂದ್ರೆ ಯಾವ ಊರಿನ ಕಥೆ ನಮಗೆ ಮುಖ್ಯವಾಗಿ ಬೇಕೋ ಅಲ್ಲೇ ಡೇಟಾ ಬಾಗಿಲು ಹಾಕ್ಕೊಂಡಿರತ್ತೆ.

ಹಾಗಾದ್ರೆ ಏನ್ ಮಾಡೋದು? ಎರಡು ದಾರಿ ಇದೆ. ಆಸ್ಪತ್ರೆ ಲಾಭರಹಿತ ಸಂಸ್ಥೆ ಆಗಿದ್ರೆ ಅದು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಪ್ರತಿ ವರ್ಷ ಫಾರ್ಮ್ 990 ಕೊಡತ್ತೆ, ಅದು ಸಾರ್ವಜನಿಕ ದಾಖಲೆ, ಮೊದಲ ಪುಟದಲ್ಲೇ ಒಟ್ಟು ನೌಕರರ ಸಂಖ್ಯೆ ಇರತ್ತೆ, ಆದ್ರೆ ಅದರಲ್ಲಿ ವರ್ಷದ ಮಧ್ಯೆ ಬಿಟ್ಟುಹೋದವರೂ ಸೇರಿರ್ತಾರೆ, ಹಾಗಾಗಿ ಸ್ವಲ್ಪ ಉಬ್ಬಿರೋ ಸಂಖ್ಯೆ ಅಂತ ಇಟ್ಕೊಳ್ಳಿ. ಇನ್ನೊಂದು, ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್) ದುಡ್ಡು ತಗೊಳೋ ಪ್ರತಿ ಆಸ್ಪತ್ರೆನೂ ಅದನ್ನ ನಡೆಸೋ ಫೆಡರಲ್ ಏಜೆನ್ಸಿ ಸಿಎಂಎಸ್‌ಗೆ ಕಾಸ್ಟ್ ರಿಪೋರ್ಟ್, ಅಂದ್ರೆ ಖರ್ಚಿನ ವರದಿ, ಕೊಡಬೇಕು, ಫಾರ್ಮ್ 2552-10 ಅಂತ ಅದರ ಹೆಸರು, ಅದರಲ್ಲಿ ಎಸ್-3 ವರ್ಕ್‌ಶೀಟ್‌ನಲ್ಲಿ ಎಫ್‌ಟಿಇ ಲೆಕ್ಕ ಇರತ್ತೆ, ಅಂದ್ರೆ ಪೂರ್ಣಾವಧಿಗೆ ಸಮ ಮಾಡಿದ ನೌಕರರ ಸಂಖ್ಯೆ. ಬೆಡ್ ಎಷ್ಟು, ರೋಗಿ-ದಿನ (ರೋಗಿಗಳು ಬೆಡ್‌ನಲ್ಲಿದ್ದ ಒಟ್ಟು ದಿನ) ಎಷ್ಟು ಅನ್ನೋದೂ ಅಲ್ಲೇ ಸಿಗತ್ತೆ. ಒಂದೊಂದೇ ಆಸ್ಪತ್ರೆನ ಹತ್ತಿರದಿಂದ ನೋಡೋಕೆ ಇದಕ್ಕಿಂತ ಒಳ್ಳೇ ಮೂಲ ಇಲ್ಲ, ಓದೋಕೆ ಬೇಜಾರಾದ್ರೂ ಕೂತು ಓದಿ.

ಯಾರ ಆಸ್ಪತ್ರೆ ಅನ್ನೋದು ನೋಡಿ

ಕ್ಯುಸಿಇಡಬ್ಲ್ಯು ಫೈಲಲ್ಲಿ ಓನರ್‌ಶಿಪ್ ಕೋಡ್ ಅಂತ ಇದೆ, 1 ಅಂದ್ರೆ ಫೆಡರಲ್ (ಕೇಂದ್ರ) ಸರ್ಕಾರ, 2 ರಾಜ್ಯ ಸರ್ಕಾರ, 3 ಲೋಕಲ್ ಸರ್ಕಾರ, 5 ಖಾಸಗಿ. ತುಂಬಾ ಜನ ಬರೀ 5 ತಗೊಂಡು ಚಾರ್ಟ್ ಹಾಕಿ ಬಿಡ್ತಾರೆ. ವಯೋಮಿಂಗ್, ಕಾನ್ಸಾಸ್ ಥರದ ರಾಜ್ಯಗಳಲ್ಲಿ ಕೌಂಟಿ ಆಸ್ಪತ್ರೆ, ಹಾಸ್ಪಿಟಲ್ ಡಿಸ್ಟ್ರಿಕ್ಟ್ ಆಸ್ಪತ್ರೆಗಳೇ ಎಷ್ಟೋ ಇವೆ, ಅವೆಲ್ಲ 3ರಲ್ಲಿ ಬರತ್ವೆ. ಮಾಜಿ ಸೈನಿಕರ ವೆಟರನ್ಸ್ ಆಸ್ಪತ್ರೆಗಳು 1ರಲ್ಲಿ. ಲೋಕಲ್ ಸರ್ಕಾರದ ಆಸ್ಪತ್ರೆನ ಒಂದು ಖಾಸಗಿ ಸಿಸ್ಟಮ್ ತಗೊಂಡ್ರೆ ಆ ಕ್ವಾರ್ಟರ್‌ನಲ್ಲಿ 3 ಧಡ್ ಅಂತ ಬಿದ್ದು 5 ಅಷ್ಟೇ ಏರತ್ತೆ, ನೋಡೋರಿಗೆ ಖಾಸಗಿ ಆಸ್ಪತ್ರೆ ಕೆಲಸಗಳಲ್ಲಿ ಭಾರೀ ಬೆಳವಣಿಗೆ ಅನ್ಸತ್ತೆ, ಅಸಲಿಗೆ ಒಬ್ಬರಿಗೂ ಹೊಸ ಕೆಲಸ ಸಿಕ್ಕಿರಲ್ಲ. ಹಾಗಾಗಿ ನಾಲ್ಕೂ ಕೂಡಿಸಿ ಒಂದು ಗೆರೆ, ಬೇರೆ ಬೇರೆಯಾಗಿ ನಾಲ್ಕು ಗೆರೆ, ಎರಡೂ ಹಾಕ್ಕೊಳ್ಳಿ.

ಇದೇ ಥರ ಇಂಡಸ್ಟ್ರಿ ಕೋಡ್‌ಗಳ ಮಧ್ಯನೂ ಕೆಲಸಗಳು ಜಾಗ ಬದಲಾಯಿಸ್ತವೆ, 621 ಜೊತೆಗಿರಲಿ ಅಂದಿದ್ದು ಇದಕ್ಕೇ. ಒಂದು ಆಸ್ಪತ್ರೆ ಊರಿನ ಪ್ರೈವೇಟ್ ಡಾಕ್ಟರ್ ಕ್ಲಿನಿಕ್ ಕೊಂಡು ತನ್ನ ಪೇರೋಲ್‌ಗೆ ಸೇರಿಸ್ಕೊಂಡ್ರೆ 621ರಲ್ಲಿದ್ದ ರಿಸೆಪ್ಷನಿಸ್ಟು 622ಕ್ಕೆ ಬರಬಹುದು. ಉಲ್ಟಾನೂ ಆಗತ್ತೆ, ಆಪರೇಷನ್, ಸ್ಕ್ಯಾನಿಂಗ್ ಎಲ್ಲ ಔಟ್‌ಪೇಷಂಟ್ ಸೆಂಟರ್‌ಗೆ ಹೋದ್ರೆ ಆಸ್ಪತ್ರೆ ಗೆರೆ ಚಪ್ಪಟೆ ಆಗಿ 621 ಏರತ್ತೆ. ಬಿಲ್ಲಿಂಗ್, ಐಟಿ, ಎಚ್‌ಆರ್ ಎಲ್ಲ ಹೆಡ್ ಆಫೀಸಿಗೆ ಶಿಫ್ಟ್ ಆದ್ರೆ ಅವು 551 ಅನ್ನೋ ಕೋಡಿಗೆ ಹೋಗಬಹುದು, ಅದೂ ಬೇರೆ ಕೌಂಟೀಲಿ. ಟ್ರಾವೆಲ್ ನರ್ಸ್‌ಗಳು (ಸ್ವಲ್ಪ ಕಾಲದ ಕಾಂಟ್ರ್ಯಾಕ್ಟ್ ಮೇಲೆ ಬರೋರು) ಆಸ್ಪತ್ರೆ ವಾರ್ಡಲ್ಲೇ ಕೆಲಸ ಮಾಡಿದ್ರೂ ಸ್ಟಾಫಿಂಗ್ ಏಜೆನ್ಸಿ ನೌಕರರಾಗಿ ಎಣಿಕೆ ಆಗ್ತಾರೆ, 622ರಲ್ಲಿ ಅವರು ಕಾಣಲ್ಲ. ಕೋವಿಡ್ ಸಮಯದಲ್ಲಿ ಇದು ದೊಡ್ಡ ವಿಷಯ ಆಗಿತ್ತು, ವಾರ್ಡಲ್ಲಿ ಜನ ಇದ್ದರು, ಆಸ್ಪತ್ರೆ ಪೇರೋಲ್‌ನಲ್ಲಿ ಇರಲಿಲ್ಲ.

ಶೇಕಡಾವಾರು ನೋಡುವಾಗ ಹುಷಾರು

ಆಸ್ಪತ್ರೆ ಕೆಲಸಗಳ ಪಾಲು ಏರಿದೆ ಅಂತ ಯಾರಾದ್ರೂ ಹೇಳಿದ್ರೆ ಭಾಗಿಸೋ ಕೆಳಗಿನ ಸಂಖ್ಯೆ, ಅಂದ್ರೆ ಒಟ್ಟು ಕೆಲಸ, ಏನಾಯ್ತು ಅಂತ ಕೇಳಿ. ಲೆಕ್ಕಕ್ಕೆ ಒಂದು ಕೌಂಟಿ ಅಂದ್ಕೊಳ್ಳಿ, ಒಟ್ಟು 6,000 ಕೆಲಸ, ಆಸ್ಪತ್ರೇಲಿ 480, ಅಂದ್ರೆ 8%. ಗಣಿ ಮುಚ್ತು, ಅಂಗಡಿಗಳು ಹೋದ್ವು, ಐದು ವರ್ಷ ಆದಮೇಲೆ ಒಟ್ಟು 5,200, ಆಸ್ಪತ್ರೇಲಿ ಅದೇ 480. ಪಾಲು 9.2% ಆಯ್ತು. ಆಸ್ಪತ್ರೆ ಒಬ್ಬರನ್ನೂ ತಗೊಂಡಿಲ್ಲ, ಸುತ್ತ ಇದ್ದಿದ್ದು ಕುಸಿದಿದೆ ಅಷ್ಟೇ. ಮ್ಯಾಕ್‌ಡೊವೆಲ್ ಕೌಂಟೀಲಿ 1950ರಲ್ಲಿ ಸುಮಾರು 99 ಸಾವಿರ ಜನ ಇದ್ದರು, 2020ರ ಗಣತೀಲಿ 19 ಸಾವಿರ ಚಿಲ್ಲರೆ. ಅಂಥ ಕಡೆ ಪಾಲು ಏರಿದೆ ಅನ್ನೋ ಮಾತಿಗೆ ಖುಷಿ ಪಡೋದಕ್ಕೆ ಏನೂ ಇಲ್ಲ. ಹಾಗಾಗಿ ಯಾವಾಗಲೂ ಮೂರು ಸಂಖ್ಯೆ ಒಟ್ಟಿಗೆ ಬರ್ಕೊಳ್ಳಿ: ಆಸ್ಪತ್ರೆ ಕೆಲಸ ಎಷ್ಟು, ಒಟ್ಟು ಕೆಲಸ ಎಷ್ಟು, ಜನಸಂಖ್ಯೆ ಎಷ್ಟು.

ಸಂಬಳಕ್ಕೂ ಹೀಗೇ. ಸರಾಸರಿ ವಾರದ ಸಂಬಳ ಅಂತ ಕ್ಯುಸಿಇಡಬ್ಲ್ಯುನಲ್ಲಿ ಬರೋದು ಕ್ವಾರ್ಟರ್‌ನ ಒಟ್ಟು ಸಂಬಳನ ಸರಾಸರಿ ಉದ್ಯೋಗದಿಂದ ಭಾಗಿಸಿ, ಮತ್ತೆ 13 ವಾರದಿಂದ ಭಾಗಿಸಿದ್ದು. 2019ರಿಂದ 2024ರ ಒಳಗೆ ಅಮೆರಿಕದ ಸಿಪಿಐ, ಅಂದ್ರೆ ಬೆಲೆ ಸೂಚ್ಯಂಕ, ಸುಮಾರು 23% ಏರಿದೆ, ಅಂದ್ರೆ 2019ರಲ್ಲಿ ವಾರಕ್ಕೆ 1,000 ಡಾಲರ್ ಇದ್ದಿದ್ದು 2024ರಲ್ಲಿ 1,230 ಹತ್ತಿರ ಇಲ್ಲ ಅಂದ್ರೆ ನಿಜವಾದ ಸಂಬಳ ಇಳಿದಿದೆ ಅಂತ ಅರ್ಥ. ಇನ್ನೊಂದು ಸೂಕ್ಷ್ಮ ಇದೆ, ಕಡಿಮೆ ಸಂಬಳದ ಅಡುಗೆ, ಕ್ಲೀನಿಂಗ್, ಲಾಂಡ್ರಿ ಕೆಲಸಗಳನ್ನ ಹೊರಗಿನ ಕಾಂಟ್ರ್ಯಾಕ್ಟರ್‌ಗೆ ಕೊಟ್ಟುಬಿಟ್ರೆ ಉಳಿದವರ ಸರಾಸರಿ ತಾನಾಗೇ ಏರತ್ತೆ, ಯಾರ ಸಂಬಳನೂ ಏರದೇನೇ. ಆಸ್ಪತ್ರೆ ಅಂದ್ರೆ ಡಾಕ್ಟರ್ ನರ್ಸ್ ಅಷ್ಟೇ ಅಲ್ಲ, ಹಳ್ಳೀಲಿ ಡಿಗ್ರಿ ಇಲ್ಲದೇ ಇರೋರಿಗೆ ಹೆಲ್ತ್ ಇನ್ಶೂರೆನ್ಸ್ ಸಮೇತ ಸಿಗೋ ಕೆಲವೇ ಕೆಲಸಗಳಲ್ಲಿ ಈ ಅಡುಗೆಮನೆ, ಲಾಂಡ್ರಿ ಕೆಲಸಗಳೂ ಇವೆ, ಇವು ಹೋದ್ರೆ ಆ ಮನೆಗಳಿಗೆ ಆಗೋ ಪೆಟ್ಟು ಯಾವ ಸರಾಸರೀಲೂ ಕಾಣಲ್ಲ. ಈ ವಿಷಯ ಬರೆಯೋರು ಇದನ್ನ ಬಿಡಬಾರದು ಅಂತ ನನಗೆ ತುಂಬಾ ಅನ್ಸತ್ತೆ.

ದುಡ್ಡು ಎಲ್ಲಿಂದ ಬರತ್ತೆ

ಟ್ರೆಂಡ್ ಯಾಕೆ ಹೀಗಿದೆ ಅಂತ ಅರ್ಥ ಆಗ್ಬೇಕಂದ್ರೆ ಇದನ್ನ ತಿಳ್ಕೊಳ್ಳಲೇಬೇಕು. ಹಳ್ಳಿ ಆಸ್ಪತ್ರೆಯ ಗಿರಾಕಿ ಊರಿನವರೇ ಆದ್ರೂ ಬಿಲ್ ಕಟ್ಟೋದು ಹೆಚ್ಚಾಗಿ ವಾಷಿಂಗ್ಟನ್, 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್. ಹೊರಗಿಂದ ಬರೋ ಮನಿಯಾರ್ಡರ್ ಥರ ಆ ದುಡ್ಡು ಊರಿಗೆ ಬಂದು ಸಂಬಳವಾಗಿ ಅಂಗಡಿ, ಬಾಡಿಗೆ, ಸ್ಕೂಲ್ ತೆರಿಗೆಗೆ ಹರಿಯತ್ತೆ. ಹಾಗಾಗಿ ಹಿಂದೆ ಕಲ್ಲಿದ್ದಲು ಹೊರಗೆ ಮಾರಿ ದುಡ್ಡು ಒಳಗೆ ತರ್ತಿದ್ದ ಜಾಗದಲ್ಲಿ ಈಗ ಆಸ್ಪತ್ರೆ ನಿಂತಿದೆ. ಇದೇ ಕಾರಣಕ್ಕೆ 2008ರಿಂದ 2010ರ ಒಳಗೆ ದೇಶದಲ್ಲಿ ಸುಮಾರು 87 ಲಕ್ಷ ಕೆಲಸ ಹೋದಾಗಲೂ ಹೆಲ್ತ್ ಕೇರ್ ಕೆಲಸಗಳು ಏರ್ತಾನೇ ಇದ್ವು. ರಿಸೆಷನ್ ಬಂದ್ರೂ ಆಸ್ಪತ್ರೆ ಅಲ್ಲಾಡಲ್ಲ ಅನ್ನೋ ನಂಬಿಕೆ ಅಲ್ಲಿಂದ ಬಂದಿದ್ದು. 2020ರ ಏಪ್ರಿಲ್‌ನಲ್ಲಿ ಅದು ಮುರೀತು, ಹೆಲ್ತ್ ಕೇರ್‌ನಲ್ಲೇ ಹತ್ತು ಲಕ್ಷಕ್ಕಿಂತ ಜಾಸ್ತಿ ಕೆಲಸ ಒಂದೇ ತಿಂಗಳಲ್ಲಿ ಹೋಯ್ತು, ಹೆಚ್ಚಿನದು ಡೆಂಟಿಸ್ಟ್ ಮತ್ತೆ ಡಾಕ್ಟರ್ ಆಫೀಸುಗಳಲ್ಲಿ, ಆದ್ರೆ ಆಸ್ಪತ್ರೆಗೂ ತಟ್ಟಿತು. ನಿಮ್ಮ ಚಾರ್ಟಲ್ಲಿ ಆ ಗುಂಡಿ ಕಾಣತ್ತೆ, ಅದನ್ನ ಟ್ರೆಂಡ್ ಅಂತ ತಗೋಬೇಡಿ, ಆದ್ರೆ ಮರಳಿ ಎಷ್ಟು ಬೇಗ ಮೇಲೆ ಬಂತು ಅನ್ನೋದನ್ನ ಕೌಂಟಿವಾರು ಹೋಲಿಸಿ.

ದುಡ್ಡಿನ ನಿಯಮಗಳ ತಾರೀಖುಗಳನ್ನ ಚಾರ್ಟ್ ಮೇಲೆ ಗುರುತು ಹಾಕ್ಕೊಳ್ಳಿ. 1997ರ ಬ್ಯಾಲೆನ್ಸ್ಡ್ ಬಜೆಟ್ ಕಾಯ್ದೇಲಿ ಕ್ರಿಟಿಕಲ್ ಆಕ್ಸೆಸ್ ಹಾಸ್ಪಿಟಲ್ ಅನ್ನೋ ವರ್ಗ ಹುಟ್ಟಿತು, ಈಗಿನ ನಿಯಮದಲ್ಲಿ 25 ಬೆಡ್ ಒಳಗೆ ಇರ್ಬೇಕು, ಸಾಮಾನ್ಯವಾಗಿ ಇನ್ನೊಂದು ಆಸ್ಪತ್ರೆಯಿಂದ 35 ಮೈಲಿ ದೂರ, ಗುಡ್ಡಗಾಡಾದ್ರೆ 15 ಮೈಲಿ, 24 ಗಂಟೆ ಎಮರ್ಜೆನ್ಸಿ ಇರ್ಬೇಕು, ಬದಲಿಗೆ ಮೆಡಿಕೇರ್ ಖರ್ಚಿನ 101% ಕೊಡತ್ತೆ. ಎಷ್ಟೋ ಸಣ್ಣ ಆಸ್ಪತ್ರೆಗಳ ಕೆಲಸ ಉಳಿದಿದ್ದು ಇದರಿಂದ. ಮೆಡಿಕೇಡ್ ಎಕ್ಸ್‌ಪ್ಯಾನ್ಷನ್, ಅಂದ್ರೆ ಕಡಿಮೆ ಆದಾಯದ ಇನ್ನಷ್ಟು ವಯಸ್ಕರಿಗೆ ಮೆಡಿಕೇಡ್ ವಿಸ್ತರಿಸಿದ್ದು, ವೆಸ್ಟ್ ವರ್ಜೀನಿಯಾದಲ್ಲಿ 2014ಕ್ಕೆ ಬಂತು, ಮಾಂಟಾನಾದಲ್ಲಿ 2016, ಮೇನ್‌ನಲ್ಲಿ 2019, ಸೌತ್ ಡಕೋಟಾದಲ್ಲಿ 2023ರ ಜುಲೈ, ವಯೋಮಿಂಗ್ ಇನ್ನೂ ಮಾಡಿಲ್ಲ. ರಾಜ್ಯ ರಾಜ್ಯ ಹೋಲಿಸೋರಿಗೆ ಇದಕ್ಕಿಂತ ಒಳ್ಳೇ ಗೆರೆ ಸಿಗಲ್ಲ, ಆದ್ರೆ ಬರೀ ಇದರಿಂದಲೇ ಏರಿತು ಅಂತ ತೀರ್ಮಾನಕ್ಕೆ ಬರೋದು ಬೇಡ. 2023ರ ಜನವರಿ 1ರಿಂದ ರೂರಲ್ ಎಮರ್ಜೆನ್ಸಿ ಹಾಸ್ಪಿಟಲ್ ಅನ್ನೋ ಇನ್ನೊಂದು ವರ್ಗ ಶುರುವಾಗಿದೆ, ಇನ್‌ಪೇಷಂಟ್ ಬೆಡ್ ಬಿಟ್ಟುಕೊಟ್ರೆ ತಿಂಗಳಿಗೆ ಎರಡೂವರೆ ಲಕ್ಷ ಡಾಲರ್‌ಗಿಂತ ಜಾಸ್ತಿ ನಿಗದಿ ಹಣ ಬರತ್ತೆ, ಬಾಗಿಲು ತೆರೆದಿರತ್ತೆ, ಆದ್ರೆ ರಾತ್ರಿ ಪಾಳಿ ವಾರ್ಡ್ ನರ್ಸ್ ಕೆಲಸಗಳು ಹೋಗತ್ವೆ.

ಮುಚ್ಚಿದ ಆಸ್ಪತ್ರೆಗಳನ್ನ ಪ್ರತ್ಯೇಕ ಹುಡುಕಿ

ನಾರ್ತ್ ಕೆರೊಲೈನಾ ಯೂನಿವರ್ಸಿಟಿಯ ಶೆಪ್ಸ್ ಸೆಂಟರ್ ದೇಶದ ಹಳ್ಳಿ ಆಸ್ಪತ್ರೆಗಳ ಮುಚ್ಚುವಿಕೆ ಪಟ್ಟಿ ಇಟ್ಟಿದೆ, 2010ರಿಂದ ಈಚೆಗೆ 140ಕ್ಕೂ ಜಾಸ್ತಿ. ಅದರಲ್ಲಿ ಪೂರ್ತಿ ಮುಚ್ಚಿದ್ದು ಬೇರೆ, ಇನ್‌ಪೇಷಂಟ್ ನಿಲ್ಲಿಸಿ ಕ್ಲಿನಿಕ್ ಆಗಿ ಉಳಿದಿದ್ದು ಬೇರೆ, ಆ ವ್ಯತ್ಯಾಸ ಬರ್ಕೊಳ್ಳಿ. ಅಲ್ಲಿಗೇ ನಿಲ್ಲದೇ ಮುಚ್ಚಿದ ಮೇಲೆ ಏನಾಯ್ತು ಅಂತಲೂ ನೋಡ್ಬೇಕು. ವೆಸ್ಟ್ ವರ್ಜೀನಿಯಾದಲ್ಲೇ ಮೂರು ಉದಾಹರಣೆ ಇವೆ. ವೀಲಿಂಗ್‌ನ ಓಹಾಯೋ ವ್ಯಾಲಿ ಮೆಡಿಕಲ್ ಸೆಂಟರ್ 2019ರ ಸೆಪ್ಟೆಂಬರ್‌ನಲ್ಲಿ ಮುಚ್ತು, ಅದೇ ಊರಲ್ಲಿ ಇನ್ನೊಂದು ಆಸ್ಪತ್ರೆ ಇದ್ದಿದ್ರಿಂದ ಕೆಲಸದವರಿಗೆ ಹೋಗೋಕೆ ಒಂದು ಬಾಗಿಲಾದ್ರೂ ಇತ್ತು. ಫೇರ್‌ಮಾಂಟ್ ರೀಜನಲ್ 2020ರ ಮಾರ್ಚಲ್ಲಿ ಮುಚ್ತು, ಕೋವಿಡ್ ಶುರುವಾಗೋ ಹೊತ್ತಿಗೆ, ಆದ್ರೆ ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಡಬ್ಲ್ಯುವಿಯು ಮೆಡಿಸಿನ್ ಬೇರೆ ಹೆಸರಲ್ಲಿ ಆಸ್ಪತ್ರೆ ತೆರೀತು. ವಿಲಿಯಮ್‌ಸನ್ ಮೆಮೋರಿಯಲ್ 2020ರ ಏಪ್ರಿಲ್‌ನಲ್ಲಿ ಮುಚ್ತು, ಕೆಂಟಕಿ ಗಡಿಯ ಆ ಸಣ್ಣ ಊರಿಗೆ ಹಾಗೆ ತಕ್ಷಣ ಯಾರೂ ಬರಲಿಲ್ಲ. ಮೂರೂ ಆಸ್ಪತ್ರೆ ಮುಚ್ಚಿದ್ದೇ, ಆದ್ರೆ ಮೂರು ಊರಿಗೂ ಪರಿಣಾಮ ಬೇರೆ ಬೇರೆ. ರಾಜ್ಯದ ಗೆರೇಲಿ ಈ ಮೂರೂ ಕೋವಿಡ್ ಗುಂಡಿಯೊಳಗೆ ಮತ್ತೆ ಡಬ್ಲ್ಯುವಿಯು ಮೆಡಿಸಿನ್‌ನ ಮುಖ್ಯ ಆಸ್ಪತ್ರೆ ಇರೋ ಮಾರ್ಗನ್‌ಟೌನ್ ಬೆಳವಣಿಗೆಯೊಳಗೆ ಕರಗಿ ಹೋಗತ್ವೆ.

ಹಾಗಾಗಿ ಒಂದು ಲೆಕ್ಕ ಮಾಡಿ, ಸ್ವಲ್ಪ ಕೆಲಸ ಆದ್ರೂ ಫಲ ಇದೆ: ರಾಜ್ಯದ 622 ಒಟ್ಟಿನಿಂದ ಅತಿ ದೊಡ್ಡ ಎರಡು ಮೂರು ಮೆಡಿಕಲ್ ಸೆಂಟರ್ ಕೌಂಟಿಗಳನ್ನ ಕಳೀರಿ, ವೆಸ್ಟ್ ವರ್ಜೀನಿಯಾದಲ್ಲಿ ಮೊನೊಂಗೇಲಿಯ, ಮತ್ತೆ ಚಾರ್ಲ್ಸ್‌ಟನ್ ಇರೋ ಕನಾವ. ಉಳಿದಿದ್ದನ್ನ ಗೆರೆ ಹಾಕಿ. ರಾಜ್ಯದ ಗೆರೆ ಮತ್ತು ಈ ಉಳಿಕೆ ಗೆರೆ ಎರಡರ ನಡುವೆ ಎಷ್ಟು ಅಂತರ ತೆರೆದುಕೊಳ್ತಿದೆ ಅನ್ನೋದೇ ನಿಮಗೆ ಬೇಕಾದ ಉತ್ತರ. ಕಳೀಬೇಕಾದ ಕೌಂಟಿಯ ಸಂಖ್ಯೆ ಮುಚ್ಚಿಟ್ಟಿದ್ರೆ 62 ಅನ್ನೋ ದೊಡ್ಡ ಕೋಡ್ (ಪೂರ್ತಿ ಆರೋಗ್ಯ ಮತ್ತೆ ಸಮಾಜ ಸೇವೆ ಕ್ಷೇತ್ರ) ತಗೊಂಡು ಅಂದಾಜು ಮಾಡಿ, ಅದು ಅಂದಾಜು ಅಂತ ಚಾರ್ಟ್ ಕೆಳಗೆ ಬರೀರಿ.

ಅಲ್ಲಿ ಕೆಲಸಕ್ಕೆ ಹೋಗೋರಿಗೆ

ಜೆ-1 ವೀಸಾದಲ್ಲಿ ರೆಸಿಡೆನ್ಸಿ ಮುಗಿಸಿ ವೇವರ್‌ಗೆ, ಅಂದ್ರೆ ಎರಡು ವರ್ಷ ಸ್ವದೇಶಕ್ಕೆ ಹೋಗಿ ಇರ್ಬೇಕು ಅನ್ನೋ ಷರತ್ತಿನಿಂದ ವಿನಾಯಿತಿಗೆ, ಹುಡುಕ್ತಿರೋ ನಮ್ಮ ಡಾಕ್ಟರ್‌ಗಳು ತುಂಬಾ ಜನ ಇಂಥ ಊರುಗಳಿಗೆ ಹೋಗ್ತಾರೆ. ಕಾನ್ರಾಡ್ 30 ಪ್ರೋಗ್ರಾಮಲ್ಲಿ ಪ್ರತಿ ರಾಜ್ಯಕ್ಕೂ ವರ್ಷಕ್ಕೆ 30 ಜಾಗ, ಮೂರು ವರ್ಷ ಸೇವೆ ಮಾಡ್ಬೇಕು. ಮೂರು ವರ್ಷ ಆ ಆಸ್ಪತ್ರೆ ಗಟ್ಟಿಯಾಗಿ ಇರ್ಬೇಕಲ್ವಾ, ಹಾಗಾಗಿ ಸೈನ್ ಮಾಡೋ ಮೊದಲು ಆ ಆಸ್ಪತ್ರೆಯ ಐದು ವರ್ಷದ ಕಾಸ್ಟ್ ರಿಪೋರ್ಟ್ ತೆಗೆದು ಎಫ್‌ಟಿಇ ಮತ್ತೆ ರೋಗಿ-ದಿನ ಎರಡೂ ಇಳೀತಿದ್ಯಾ ನೋಡಿ, ಹೆರಿಗೆ ವಿಭಾಗ ಈಚೆಗೆ ಮುಚ್ಚಿದ್ಯಾ ಕೇಳಿ, ಯಾಕಂದ್ರೆ ದುಡ್ಡು ಬಿಗಿಯಾದಾಗ ಎಷ್ಟೋ ಕಡೆ ಮೊದಲು ಮುಚ್ಚೋ ವಿಭಾಗಗಳಲ್ಲಿ ಅದೂ ಒಂದು. ರಾಜ್ಯದ ವಾರ್ನ್ ನೋಟಿಸ್ ಪುಟ ಕೂಡ ನೋಡಿ, 100 ಅಥವಾ ಜಾಸ್ತಿ ಜನ ಇರೋ ಎಂಪ್ಲಾಯರ್ ದೊಡ್ಡ ಲೇಆಫ್‌ಗೆ 60 ದಿನ ಮೊದಲು ನೋಟಿಸ್ ಕೊಡಬೇಕು.

ಮುಂದಿನ ಎರಡು ಮೂರು ವರ್ಷ ಯಾವ ಸಾಲುಗಳನ್ನ ಬಿಡದೇ ನೋಡ್ಬೇಕು ಅಂದ್ರೆ, 2025ರ ಜುಲೈ 4ಕ್ಕೆ ಸಹಿಯಾದ ಫೆಡರಲ್ ಕಾಯ್ದೆ ಪ್ರಕಾರ ಮೆಡಿಕೇಡ್ ಎಕ್ಸ್‌ಪ್ಯಾನ್ಷನ್‌ನಲ್ಲಿರೋರಿಗೆ ಕೆಲಸದ ಷರತ್ತು 2027ರ ಜನವರಿ ಒಳಗೆ ಜಾರಿಗೆ ಬರ್ಬೇಕು, ಎಕ್ಸ್‌ಪ್ಯಾನ್ಷನ್ ಮಾಡಿದ ರಾಜ್ಯಗಳಲ್ಲಿ ಪ್ರೊವೈಡರ್ ಟ್ಯಾಕ್ಸ್ (ಮೆಡಿಕೇಡ್ ಖರ್ಚಿಗೆ ರಾಜ್ಯಗಳು ಆಸ್ಪತ್ರೆ ಥರದವರ ಮೇಲೆ ಹಾಕೋ ತೆರಿಗೆ) ಮಿತಿ 2028ರ ಹಣಕಾಸು ವರ್ಷದಿಂದ 6%ರಿಂದ 3.5% ಕಡೆಗೆ ಹಂತಹಂತವಾಗಿ ಇಳಿಯತ್ತೆ, ಇದರ ಜೊತೆಗೆ ಹಳ್ಳಿ ಆರೋಗ್ಯಕ್ಕೆ ಅಂತ ಐದು ವರ್ಷಕ್ಕೆ 50 ಬಿಲಿಯನ್ ಡಾಲರ್ ಫಂಡ್ ಇಟ್ಟಿದ್ದಾರೆ. ಒಂದು ಕಡೆ ದುಡ್ಡು ಹೋಗತ್ತೆ, ಇನ್ನೊಂದು ಕಡೆ ಬರತ್ತೆ, ಎರಡೂ ಒಂದೇ ಕೌಂಟಿಗೆ ಆಗಲ್ಲ. ಹಾಗಾಗಿ 2026ರ ನಾಲ್ಕೂ ಕ್ವಾರ್ಟರ್ ಸಂಖ್ಯೆಗಳನ್ನ ಕೌಂಟಿವಾರು, ಓನರ್‌ಶಿಪ್‌ವಾರು ಈಗಲೇ ಒಂದು ಶೀಟಲ್ಲಿ ಕಟ್ಟಿಟ್ಕೊಳ್ಳೋಕೆ ಶುರು ಮಾಡಿ, 621 ಮತ್ತೆ 623 ಸಮೇತ, 2027ರ ಮೊದಲನೇ ಕ್ವಾರ್ಟರ್ ಡೇಟಾ ಆ ವರ್ಷದ ಕೊನೇ ಭಾಗದಲ್ಲಿ ಬಂದಾಗ ಪಕ್ಕದಲ್ಲಿ ಇಟ್ಟು ಹೋಲಿಸೋಕೆ ಅದೇ ಬೇಕಾಗತ್ತೆ.